ಮನೆಯಿಂದ ಮರಳಿ ಶಾಲೆಗೆ: ಗಡಿನಾಡಿನ ಒಂದು ನವೆಂಬರ್ ಒಂದು



ನವೆಂಬರ್ ಒಂದು ಎಂದರೆ ಕರ್ನಾಟಕದವರಿಗೆ ರಾಜ್ಯೋತ್ಸವ. ಕಾಸರಗೋಡಿನ ನಮ್ಮ ಶಾಲೆಗಳಲ್ಲಿ ಅದೇ ದಿನ ಕೇರಳಪ್ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರೂಪುಗೊಂಡಾಗ, ಅದುವರೆಗೆ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಒಂದೇ ತಾರೀಕು, ಗಡಿಯ ಆಚೆ ಒಂದು ಹಬ್ಬ, ಈಚೆ ಇನ್ನೊಂದು ಹಬ್ಬ. ನಡುವೆ ನಾವು!

ಇದೇ ತಾರೀಕಿಗೆ 2021ರಲ್ಲಿ ಇನ್ನೂ ಒಂದು ನೆನಪು ಸೇರಿಕೊಂಡಿತು. ಕೊರೊನಾ ಕಾರಣದಿಂದ 2020ರ ಮಾರ್ಚ್‌ನಲ್ಲಿ ಮುಚ್ಚಿದ ಕೇರಳದ ಪ್ರಾಥಮಿಕ ಶಾಲೆಗಳು ಸುಮಾರು ಇಪ್ಪತ್ತು ತಿಂಗಳ ಬಳಿಕ ತೆರೆದದ್ದು 2021ರ ನವೆಂಬರ್ 1ರಂದೇ. ಲೋಕವೆಲ್ಲ 'ವರ್ಕ್ ಫ್ರಮ್ ಹೋಮ್' ಮುಗಿಸಿ ಆಫೀಸಿಗೆ ಮರಳುವ ಮಾತನ್ನಾಡುತ್ತಿದ್ದ ಕಾಲ ಅದು. ನಮಗೆ, ಅಂದರೆ ಕನ್ನಡ ಮಾಧ್ಯಮದ ಅಧ್ಯಾಪಕರಿಗೆ, ಆಫೀಸು ಅಂದರೆ ಶಾಲೆಯೇ. ನಮ್ಮ ಮಕ್ಕಳಿಗೂ ಅದೇ ಆಫೀಸು. ಆ ಮರಳುವಿಕೆಯನ್ನು ನಮ್ಮ ನಾಡಿನ ಹಳೆಯ ಇತಿಹಾಸದ ಜೊತೆಗಿಟ್ಟು ನೋಡಬೇಕು ಎನ್ನುವುದು ಈ ಬರಹದ ಉದ್ದೇಶ. ಯಾಕೆಂದರೆ ಮನೆಯಲ್ಲಿ ಕೂತು ಕೆಲಸ ಮಾಡುವುದು ಇಲ್ಲಿ ಹೊಸತೇನೂ ಅಲ್ಲ. ಹೊಸತಾಗಿ ಬಂದದ್ದು ಕಚೇರಿ ಮತ್ತು ಶಾಲೆ.

ಜಗಲಿಯೇ ಕಚೇರಿಯಾಗಿದ್ದ ಕಾಲ

ಹಿಂದೆ ನಮ್ಮ ಊರಿನ ಸರಕಾರ ಎಂದರೆ ಪಟೇಲರು ಮತ್ತು ಶ್ಯಾನುಭೋಗರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆನರಾ ಪ್ರದೇಶ ಕಂಪನಿಯ ಕೈಗೆ ಬಂತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್ ಆದರು. ಜಿಲ್ಲೆಗೆ ಕಲೆಕ್ಟರ್ ಕಚೇರಿ ಬಂದರೂ ಊರಿನ ಲೆಕ್ಕ ಮಾತ್ರ ಶ್ಯಾನುಭೋಗರ ಮನೆಯಲ್ಲೇ ಉಳಿಯಿತು. ಭೂಮಿ ಯಾರ ಹೆಸರಿನಲ್ಲಿದೆ, ತೀರ್ವೆ ಎಷ್ಟು, ಬಾಕಿ ಎಷ್ಟು ಎಂಬುದೆಲ್ಲ ಅವರ ಮನೆಯ ಪೆಟ್ಟಿಗೆಯಲ್ಲಿ. ರೈತ ಬಂದು ಜಗಲಿಯ ಕೆಳಗೆ ನಿಲ್ಲಬೇಕು. ಶ್ಯಾನುಭೋಗರ ಊಟ, ನಿದ್ದೆ, ಪೂಜೆ ಮುಗಿಯುವವರೆಗೆ ಕಾಯಬೇಕು. ಮನೆಯೇ ಕಚೇರಿಯಾದರೆ ಮನೆಯ ಯಜಮಾನನೇ ಕಚೇರಿಯ ಕಾನೂನು. ಆ ಮನೆಯ ಜಗಲಿ ಹತ್ತಲು ಎಲ್ಲ ಜಾತಿಯವರಿಗೂ ಅವಕಾಶ ಇರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಓದಿನ ಕಥೆಯೂ ಇದೇ. ಸರಕಾರಿ ಶಾಲೆಗಳು ಬರುವ ಮೊದಲು ದಕ್ಷಿಣ ಕನ್ನಡದಲ್ಲಿದ್ದದ್ದು ಐಗಳ ಮಠ. ಅನುಕೂಲಸ್ಥರ ಮನೆಯ ಜಗಲಿಯಲ್ಲೋ ಚಾವಡಿಯಲ್ಲೋ ಐಗಳು ಕೂತು ಹೇಳಿಕೊಡುತ್ತಿದ್ದರು. ಮಕ್ಕಳು ಮರಳ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತಿದ್ದರು. ಕೈ ಪಳಗಿದ ಮೇಲೆ ಓಲೆಗರಿ. ಬಾಯಿಪಾಠ, ಮಗ್ಗಿ, ಲೆಕ್ಕ. ಅಷ್ಟು ಕಲಿತರೆ ಒಂದು ಜೀವನಕ್ಕೆ ಸಾಕಿತ್ತು. ಆದರೆ ಯಾರ ಮಕ್ಕಳು? ಜಗಲಿ ಯಾರದ್ದೋ ಅವರ ಮಕ್ಕಳು, ಅವರು ಒಪ್ಪಿದವರ ಮಕ್ಕಳು.

1854ರಲ್ಲಿ ಚಾರ್ಲ್ಸ್ ವುಡ್ ಅವರ ಶಿಕ್ಷಣ ವರದಿ ಬಂದು ಖಾಸಗಿ ಶಾಲೆಗಳಿಗೆ ಸರಕಾರದ ಅನುದಾನ ಕೊಡುವ ಪದ್ಧತಿ ಶುರುವಾಯಿತು. ಇಂದಿಗೂ ಕಾಸರಗೋಡಿನಲ್ಲಿ ಅನುದಾನಿತ ಶಾಲೆಗಳು ಇಷ್ಟೊಂದು ಇರುವುದಕ್ಕೆ ಬೇರು ಅಲ್ಲಿದೆ. ಊರಿನ ಒಬ್ಬರು ಜಾಗ ಕೊಟ್ಟು, ಇನ್ನೊಬ್ಬರು ಮರಮಟ್ಟು ಕೊಟ್ಟು, ಹುಲ್ಲಿನ ಮಾಡು ಹೋಗಿ ಹೆಂಚಿನ ಮಾಡು ಬಂದು ಎಷ್ಟೋ ಶಾಲೆಗಳು ಎದ್ದು ನಿಂತವು. ಜಗಲಿಯಿಂದ ಶಾಲೆಗೆ ಬಂದ ಈ ಹೆಜ್ಜೆ ಸಣ್ಣದಲ್ಲ. ಮನೆಯ ಯಜಮಾನನ ಜಾಗಕ್ಕೆ ಹಾಜರಿ ಪುಸ್ತಕ ಬಂತು. ಒಂದು ಹೆಸರು ಅದರಲ್ಲಿ ಬಂದರೆ ಆ ಮಗುವಿಗೆ ಬೆಂಚಿನ ಮೇಲೆ ಜಾಗ. ಕೊರಗರ ಮಗುವಿನ ಹೆಸರು ಅಲ್ಲಿ ಬರಲು ಬಹಳ ಕಾಲ ಹಿಡಿಯಿತು ನಿಜ. ಆದರೆ ಅದು ಬರಲು ಸಾಧ್ಯವಿದ್ದದ್ದು ಶಾಲೆಯಲ್ಲಿ ಮಾತ್ರ.

ಮನೆಯಲ್ಲಿ ಕೂತು ದುಡಿಯಲು ಸಾಧ್ಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು (1883-1963) ಕಚೇರಿಯ ಮೆಟ್ಟಿಲು ಹತ್ತದೆ ಮನೆಯಲ್ಲೇ ಕೂತು ಕವಿತೆ, ನಾಟಕ, ಇತಿಹಾಸ ಸಂಶೋಧನೆ ಎಲ್ಲ ಮಾಡಿದರು. 1949ರಲ್ಲಿ ಮದ್ರಾಸು ಸರಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಿತು. ಆದರೆ ಅವರ ಮನೆಯೇ ಒಂದು ದೊಡ್ಡ ಪುಸ್ತಕ ಭಂಡಾರವಾಗಿತ್ತು, ಕೂರಲು ಕೋಣೆಯಿತ್ತು, ಬೇಕಾದಷ್ಟು ಸಮಯವಿತ್ತು. ಆ ಮೂರೂ ಇಲ್ಲದ ಮನೆಗೆ ಕೆಲಸ ಹೋದರೆ ಏನಾಗುತ್ತದೆ? ಅದಕ್ಕೂ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ.

ಬೀಡಿಯ ಪಾಠ

ನಮ್ಮ ಶಾಲೆಗಳಿಗೆ ಬರುವ ಎಷ್ಟೋ ಮಕ್ಕಳ ಅಮ್ಮಂದಿರು, ಅಜ್ಜಿಯಂದಿರು ಬೀಡಿ ಕಟ್ಟಿದವರು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು ಗೆರಸೆ ಮಡಿಲಲ್ಲಿಟ್ಟು ಮನೆಯಲ್ಲೇ ಕಟ್ಟುವುದು. ಕಟ್ಟಿದ್ದನ್ನು ಲೆಕ್ಕ ಮಾಡಿ ಬ್ರಾಂಚಿಗೆ ಕೊಡುವುದು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಲ್ಯಾಪ್‌ಟಾಪು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಕರಾವಳಿಯಲ್ಲಿದ್ದ ವರ್ಕ್ ಫ್ರಮ್ ಹೋಮ್ ಇದು!

ಇದರ ಹಿಂದೆ ಒಂದು ಇತಿಹಾಸವಿದೆ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಕೆಲಸದ ಹೊತ್ತು, ರಜೆ, ಗಾಳಿ ಬೆಳಕು, ಮಕ್ಕಳನ್ನು ನೋಡಿಕೊಳ್ಳುವ ಜಾಗ, ಇವೆಲ್ಲ ಇರಬೇಕೆಂದು ಅದು ವಿಧಿಸಿತು. ಕೇರಳ ಸರಕಾರ ಅದನ್ನು ಜಾರಿಗೆ ತರಲು ಹೊರಟಾಗ, 1968ರಲ್ಲಿ, ಮಂಗಳೂರಿನ ಬೀಡಿ ಮಾಲಕರು ಕಣ್ಣೂರಿನ ಕಡೆಯ ತಮ್ಮ ಬ್ರಾಂಚುಗಳನ್ನು ಮುಚ್ಚಿದರು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಮನೆಗಳಿಗೆ ಹಂಚಿ ಕಟ್ಟಿಸಿದರೆ ಶೆಡ್ಡು ಬೇಡ, ಬೆಂಚು ಬೇಡ, ರಜೆಯ ಲೆಕ್ಕವೂ ಬೇಡ ಎಂಬುದು ಮಾಲಕರಿಗೆ ಗೊತ್ತಿತ್ತು.

ಕೆಲಸ ಹೋದವರು ಮನೆಯಲ್ಲಿ ಕೂರಲಿಲ್ಲ. 1969ರ ಫೆಬ್ರವರಿಯಲ್ಲಿ ಸರಕಾರದ ಸಹಾಯದಿಂದ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಶುರುವಾಯಿತು. ಅಲ್ಲಿ ಎಲ್ಲರೂ ಒಂದೇ ಚಾವಣಿಯ ಕೆಳಗೆ ಕೂತು ಬೀಡಿ ಕಟ್ಟಿದರು. ಬೀಡಿ ಶೆಡ್ಡುಗಳಲ್ಲಿ ಮೊದಲಿನಿಂದಲೂ ಒಂದು ಸೊಗಸಾದ ಪದ್ಧತಿ ಇತ್ತು. ದಿನೇಶ್ ಸಂಘದಲ್ಲೂ ಅದು ಮುಂದುವರಿಯಿತು. ಒಬ್ಬ ಎದ್ದು ಗಟ್ಟಿಯಾಗಿ ಪತ್ರಿಕೆಯನ್ನೋ ಪುಸ್ತಕವನ್ನೋ ಓದುತ್ತಿದ್ದ. ಉಳಿದವರು ಕೈಯಲ್ಲಿ ಬೀಡಿ ಕಟ್ಟುತ್ತ ಕಿವಿಯಲ್ಲಿ ಕೇಳುತ್ತಿದ್ದರು. ಓದಿದವನ ಪಾಲಿನ ಬೀಡಿಯನ್ನು ಉಳಿದವರೇ ಕಟ್ಟಿಕೊಡುತ್ತಿದ್ದರು. ಓದಲು ಬಾರದವರಿಗೂ ದೇಶದ ಸುದ್ದಿ ತಿಳಿಯುತ್ತಿತ್ತು, ಚರ್ಚೆ ಆಗುತ್ತಿತ್ತು.

ಅದೇ ಹೊತ್ತಿಗೆ ಮಂಜೇಶ್ವರ, ಕುಂಬಳೆ ಕಡೆಯ ಅಮ್ಮಂದಿರು ಅವರವರ ಮನೆಯ ಮೂಲೆಯಲ್ಲಿ ಅದೇ ಬೀಡಿಯನ್ನು ಕಟ್ಟುತ್ತಿದ್ದರು. ಅದೇ ಎಲೆ, ಅದೇ ನೂಲು. ಆದರೆ ಓದಿ ಹೇಳುವವರು ಇಲ್ಲ. ನಡುವೆ ಒಲೆ ನೋಡಬೇಕು, ಮಗು ನೋಡಬೇಕು, ದನಕ್ಕೆ ಹುಲ್ಲು ಹಾಕಬೇಕು. ಕೆಲಸ ಮನೆಗೆ ಬಂದಾಗ ಮನೆಯ ಕೆಲಸವೇನೂ ಕಡಿಮೆಯಾಗಲಿಲ್ಲ. ಬಸ್ಸಿನ ದುಡ್ಡು ಉಳಿಯಿತು, ಮಕ್ಕಳು ಕಣ್ಣೆದುರು ಇದ್ದರು ಎಂಬ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಟ್ಟಿಗೆ ಕೂತವರಿಗೆ ಸಿಕ್ಕಿದ ಕಿವಿಯ ಓದು ಒಂಟಿಯಾಗಿ ಕೂತವರಿಗೆ ಸಿಗಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ಕನ್ನಡದ ಮನೆ ಯಾವುದು?

ನಮ್ಮ ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತೇವೆ. ಕನ್ನಡ ಮಾಧ್ಯಮದ ಒಂದು ತರಗತಿಗೆ ಬಂದು ನೋಡಿ. ಒಂದು ಮಗುವಿನ ಮನೆಮಾತು ತುಳು, ಇನ್ನೊಂದರದ್ದು ಕೊಂಕಣಿ, ಮತ್ತೊಂದರದ್ದು ಮರಾಠಿ, ಬ್ಯಾರಿ, ಮಲಯಾಳ, ಹವ್ಯಕ ಕನ್ನಡ. ಅಂದರೆ ನಮ್ಮಲ್ಲಿ ಎಷ್ಟೋ ಮಕ್ಕಳು ಕನ್ನಡವನ್ನು ಮನೆಯಿಂದ ತರುವುದಿಲ್ಲ, ಶಾಲೆಯಿಂದ ಮನೆಗೆ ಒಯ್ಯುತ್ತಾರೆ. ಅಂಗಡಿಯ ಬೋರ್ಡು, ಬಸ್ಸಿನ ಬೋರ್ಡು, ಕಚೇರಿಯ ಅರ್ಜಿ ಹೆಚ್ಚಾಗಿ ಮಲಯಾಳದಲ್ಲಿ. ಯಕ್ಷಗಾನ, ದೇವಸ್ಥಾನದ ಆಮಂತ್ರಣ ಪತ್ರಿಕೆ, ಕನ್ನಡ ದಿನಪತ್ರಿಕೆ ಇವೆ ನಿಜ. ಆದರೆ ದಿನಕ್ಕೆ ಐದಾರು ಗಂಟೆ ಕನ್ನಡ ಕೇಳಿ, ಓದಿ, ಬರೆಯುವ ಜಾಗ ಒಂದೇ.

ಸಂವಿಧಾನಕ್ಕೂ ಇದು ಗೊತ್ತಿತ್ತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಬೇಕೆನ್ನುವ 350ಎ ವಿಧಿಯನ್ನು ಸೇರಿಸಿದ್ದು ಏಳನೆಯ ತಿದ್ದುಪಡಿ. ಅದು ಜಾರಿಗೆ ಬಂದದ್ದು ಯಾವಾಗ ಗೊತ್ತೇ? 1956ರ ನವೆಂಬರ್ 1! ನಮ್ಮನ್ನು ಗಡಿಯ ಈಚೆ ಹಾಕಿದ ದಿನವೇ ನಮ್ಮ ಮಕ್ಕಳ ಭಾಷೆಗೆ ಒಂದು ಆಸರೆಯನ್ನೂ ಕೊಟ್ಟಿತು.

ಮುಂದೆ ಮಹಾಜನ ಆಯೋಗ ಬಂತು. 1967ರ ಅದರ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ (ಆಗಿನ ಮೈಸೂರಿಗೆ) ಸೇರಬೇಕೆಂದಿತು. ಅದು ಜಾರಿಯಾಗಲಿಲ್ಲ. 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು (1915-2015) ಜೀವನದ ಕೊನೆಯವರೆಗೂ ವಿಲೀನದ ಮಾತನ್ನು ಬಿಡಲಿಲ್ಲ. ಆದರೆ ಅವರು ಪೆರಡಾಲದ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿದ್ದ ಅಧ್ಯಾಪಕರೂ ಹೌದು. ರಾಜ್ಯದ ಗಡಿ ಎಲ್ಲೇ ಇರಲಿ, ಬೆಳಗ್ಗೆ ಗಂಟೆ ಬಾರಿಸಿದಾಗ ಕನ್ನಡದ ತರಗತಿ ಶುರುವಾಗಬೇಕು. 1956ರ ನಂತರ ಕನ್ನಡವನ್ನು ಇಲ್ಲಿ ಉಳಿಸಿದ್ದು ಭಾಷಣಕ್ಕಿಂತ ಹೆಚ್ಚಾಗಿ ಆ ಗಂಟೆ.

ಗಂಟೆ ನಿಂತ ಇಪ್ಪತ್ತು ತಿಂಗಳು

2020ರ ಮಾರ್ಚ್‌ನಲ್ಲಿ ಆ ಗಂಟೆ ನಿಂತಿತು. ಮಾರ್ಚ್ ಕೊನೆಗೆ ತಲಪಾಡಿಯೂ ಸೇರಿದಂತೆ ಗಡಿಯ ರಸ್ತೆಗಳನ್ನು ಕರ್ನಾಟಕ ಮುಚ್ಚಿತು. ಕೆಲವೆಡೆ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿಯಲಾಯಿತು. ಕಾಯಿಲೆ ಬಿದ್ದರೆ ಮಂಗಳೂರು ಎಂದು ತಲೆಮಾರುಗಳಿಂದ ನಂಬಿದ್ದ ನಾಡು ನಮ್ಮದು. ಚಿಕಿತ್ಸೆಗೆ ದಾಟಲಾಗದೆ ಕೆಲವರು ಜೀವ ಕಳೆದುಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ ಏಪ್ರಿಲ್‌ನಲ್ಲಿ ರೋಗಿಗಳಿಗೆ ದಾರಿಯಾಯಿತು. ಗಡಿ ಎಂಬುದು ನಕ್ಷೆಯ ಗೆರೆ ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದ ನಾವು, ಅದು ಮಣ್ಣಿನ ರಾಶಿಯೂ ಆಗಬಹುದು ಎಂದು ಕಂಡೆವು.

2020ರ ಜೂನ್ 1ಕ್ಕೆ ಕೇರಳದಲ್ಲಿ ಕೈಟ್ ವಿಕ್ಟರ್ಸ್ ಚಾನೆಲಿನ 'ಫಸ್ಟ್ ಬೆಲ್' ಶುರುವಾಯಿತು. ಶಾಲೆ ತೆರೆಯದಿದ್ದರೂ ಪಾಠ ನಿಲ್ಲಲಿಲ್ಲ ಎಂಬುದು ಹೆಮ್ಮೆಯ ವಿಷಯವೇ. ಆದರೆ ಟಿ.ವಿ.ಯೋ ಫೋನೋ ಇಲ್ಲದ ಮಕ್ಕಳು ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಇದ್ದಾರೆಂದು ಮೊದಲೇ ಲೆಕ್ಕ ಸಿಕ್ಕಿತ್ತು. ವಾಚನಾಲಯ, ಅಂಗನವಾಡಿಗಳಲ್ಲಿ ಟಿ.ವಿ. ಇಟ್ಟು ಊರವರು ಸಹಾಯ ಮಾಡಿದರು. ನಮ್ಮ ಕನ್ನಡ ಮಾಧ್ಯಮದ ಪಾಠಗಳನ್ನು ಇಲ್ಲಿನ ಅಧ್ಯಾಪಕರೇ ತಯಾರಿಸಿದರು; ಅವು ಮುಖ್ಯವಾಗಿ ಯೂಟ್ಯೂಬ್ ಮೂಲಕ ಮಕ್ಕಳಿಗೆ ತಲುಪಿದವು. ಇದರಲ್ಲೊಂದು ಸೂಕ್ಷ್ಮವಿದೆ ನೋಡಿ. ಮಲಯಾಳದ ಪಾಠಕ್ಕೆ ಟಿ.ವಿ. ಸಾಕು. ಕನ್ನಡದ ಪಾಠಕ್ಕೆ ಫೋನು ಬೇಕು, ಡಾಟಾ ಬೇಕು, ಗುಡ್ಡದ ಮೇಲೆ ಹತ್ತಿದರೆ ಸಿಗುವ ರೇಂಜು ಬೇಕು. ಮನೆಗೊಂದೇ ಫೋನು, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ರಾತ್ರಿ ಅಪ್ಪ ಬಂದ ಮೇಲೆ ಅಣ್ಣನ ಪಾಠ, ಆಮೇಲೆ ಅಕ್ಕನದು. ತಂಗಿಯ ಸರದಿ ಬರುವಾಗ ಅವಳಿಗೆ ನಿದ್ದೆ.

ಅಧ್ಯಾಪಕರೂ ಸುಮ್ಮನೆ ಕೂತಿರಲಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ 'ಮಾಷ್' ಎಂಬ ಯೋಜನೆ ಬಂತು. ಮಾಷ್ ಎಂದರೆ ಮಲಯಾಳದಲ್ಲಿ ಮೇಷ್ಟ್ರು. ನಾವು ವಾರ್ಡುಗಳಿಗೆ ಹೋಗಿ ಮಾಸ್ಕು ಹಾಕಿ, ದೂರ ನಿಲ್ಲಿ ಎಂದು ಜನರಿಗೆ ಹೇಳಬೇಕಾಯಿತು. ಹಗಲು ವಾರ್ಡು, ರಾತ್ರಿ ವಾಟ್ಸಾಪಿನಲ್ಲಿ ಮಕ್ಕಳ ನೋಟ್ಸ್ ತಿದ್ದುವುದು. ಪಠ್ಯಪುಸ್ತಕ, ಅಕ್ಕಿಬೇಳೆಯ ಕಿಟ್ಟು ಹಂಚುವ ದಿನ ಮಾತ್ರ ಹೆತ್ತವರ ಮುಖ ಕಾಣುತ್ತಿತ್ತು. ಗಡಿಯ ಆಚೆ ಕರ್ನಾಟಕದಲ್ಲಿ 2020ರ ಆಗಸ್ಟಿನಲ್ಲಿ 'ವಿದ್ಯಾಗಮ' ಬಂದು, ಅಧ್ಯಾಪಕರೇ ಊರೂರಿಗೆ ಹೋಗಿ ಮರದಡಿಯಲ್ಲಿ, ಜಗಲಿಯಲ್ಲಿ ಪಾಠ ಮಾಡಿದರು; ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಐಗಳ ಮಠದ ಜಗಲಿ ಎರಡು ತಿಂಗಳ ಮಟ್ಟಿಗೆ ಮರಳಿ ಬಂದ ಹಾಗಾಯಿತು.

ಮರಳಿದ ದಿನ

2021ರ ಜನವರಿಯಲ್ಲಿ ಹತ್ತು ಮತ್ತು ಹನ್ನೆರಡನೆಯ ತರಗತಿಯವರು ಸಂಶಯ ಕೇಳಲು ಬಂದು ಹೋದರು. ಸಣ್ಣ ಮಕ್ಕಳಿಗೆ ಬಾಗಿಲು ತೆರೆದದ್ದು ನವೆಂಬರಿನಲ್ಲಿ. ಅದಕ್ಕೆ ಮುಂಚಿನ ವಾರಗಳಲ್ಲಿ ಶಾಲೆಗಳಲ್ಲಿ ನಡೆದ ಕೆಲಸ ಒಂದು ಮದುವೆ ಮನೆಯದ್ದೇ. ಬಾವಲಿ, ಇಲಿ ಹೊಕ್ಕ ಕೋಣೆಗಳನ್ನು ತೊಳೆದದ್ದು, ಬಾವಿ ಶುದ್ಧ ಮಾಡಿದ್ದು, ಹಾವು ಹೊಕ್ಕಿರಬಹುದೆಂದು ಬಿರುಕು ಮುಚ್ಚಿದ್ದು, ಬಣ್ಣ ಬಳಿದದ್ದು. ಪಿ.ಟಿ.ಎ., ಕುಟುಂಬಶ್ರೀ, ಯುವಕ ಸಂಘ ಎಲ್ಲರೂ ಬಂದರು. ಒಂದು ಬೆಂಚಿಗೆ ಇಬ್ಬರೇ, ತಂಡ ತಂಡವಾಗಿ, ಮಧ್ಯಾಹ್ನದವರೆಗೆ ಮಾತ್ರ ಎಂದು ನಿಯಮ. ಬಾಗಿಲಲ್ಲಿ ಥರ್ಮಲ್ ಸ್ಕ್ಯಾನರ್ ಮತ್ತು ಸಾಬೂನು.

ಬಂದ ಮಕ್ಕಳಲ್ಲಿ ನಾವು ಕಂಡದ್ದೇನು? ಎರಡನೇ ತರಗತಿಯ ಮಕ್ಕಳಿಗೆ ಅದು ಶಾಲೆಯ ಮೊದಲ ದಿನ. ಅವರು ಒಂದನೇ ತರಗತಿಯನ್ನು ಫೋನಿನಲ್ಲೇ ಮುಗಿಸಿದ್ದರು! ಸಾಲಾಗಿ ನಿಲ್ಲುವುದು, ತನ್ನ ಸರದಿಗೆ ಕಾಯುವುದು, ಪಕ್ಕದವನಿಗೆ ರಬ್ಬರ್ ಕೊಡುವುದು ಯಾವುದೂ ಗೊತ್ತಿಲ್ಲ. ನಾಲ್ಕನೆಯವರು ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಿದ್ದರು. ಅದಕ್ಕಿಂತ ಹೆಚ್ಚು ನಮ್ಮನ್ನು ತಟ್ಟಿದ್ದು ಮಾತು. ಪಾಠದ ಪ್ರಶ್ನೆ ಕೇಳಿದರೆ ಅರ್ಥವಾಗುತ್ತದೆ, ಉತ್ತರವೂ ಗೊತ್ತಿದೆ, ಆದರೆ ಬಾಯಿಗೆ ಬರುವುದು ತುಳುವೋ ಮಲಯಾಳವೋ. ತಪ್ಪು ಮಕ್ಕಳದ್ದಲ್ಲ. ಮನೆಯಲ್ಲಿ ಕನ್ನಡ ಆಡುವವರಿಲ್ಲ. ಹೆತ್ತವರಲ್ಲಿ ಹಲವರು ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ಯೂಟ್ಯೂಬಿನ ಅಧ್ಯಾಪಕರು ಚೆನ್ನಾಗಿಯೇ ಕನ್ನಡ ಮಾತಾಡಿದರು. ಆದರೆ ಅವರು ಮಗುವಿನ ಮಾತನ್ನು ಕೇಳಲಾರರಲ್ಲ! ಭಾಷೆ ಕೇಳುವುದರಿಂದ ಅರ್ಧ ಬರುತ್ತದೆ, ಇನ್ನರ್ಧ ಬರುವುದು ಇನ್ನೊಬ್ಬರ ಹತ್ತಿರ ಆಡುವುದರಿಂದ. ಬೀಡಿ ಶೆಡ್ಡಿನವರಿಗೆ ಸಿಕ್ಕಿ, ಮನೆಯ ಮೂಲೆಯಲ್ಲಿ ಕಟ್ಟಿದವರಿಗೆ ಸಿಗದೆ ಹೋದದ್ದೂ ಇದೇ ಅಲ್ಲವೇ?

2022ರ ಜನವರಿ 21ರಿಂದ ಒಂದರಿಂದ ಒಂಬತ್ತನೆಯವರೆಗೆ ಮತ್ತೆ ಆನ್‌ಲೈನ್ ಆಯಿತು. ಫೆಬ್ರವರಿ 14ಕ್ಕೆ ಮಧ್ಯಾಹ್ನದವರೆಗೆ ತೆರೆದು, ಫೆಬ್ರವರಿ 21ರಿಂದ ಎಲ್ಲ ಮಕ್ಕಳೂ ಸಂಜೆಯವರೆಗೆ ಶಾಲೆಯಲ್ಲಿ ಕೂತರು. ಫೆಬ್ರವರಿ 21 ವಿಶ್ವ ಮಾತೃಭಾಷಾ ದಿನ. ಯಾರೂ ಯೋಜಿಸಿ ಮಾಡಿದ್ದಲ್ಲ. ಆದರೆ ತುಂಬಿದ ತರಗತಿಯ ಕನ್ನಡದ ಗಲಾಟೆಗೆ ಅದಕ್ಕಿಂತ ಒಳ್ಳೆಯ ದಿನ ಇರಲಿಲ್ಲ.

ಬೆಂಗಳೂರಿಗೆ ಮರಳಿದವರು

ಇದೇ ಸಮಯದಲ್ಲಿ ನಮ್ಮ ಶಾಲೆಗಳಲ್ಲಿ ಓದಿ ಬೆಂಗಳೂರಿನ ಕಂಪನಿಗಳಲ್ಲಿರುವ ಹಳೆ ವಿದ್ಯಾರ್ಥಿಗಳು ಊರಿನಲ್ಲಿದ್ದರು. ಅಡಿಕೆ ತೋಟದ ಮನೆಯಲ್ಲಿ ಲ್ಯಾಪ್‌ಟಾಪು, ಇನ್ವರ್ಟರು. ಇಂಥ ಕೆಲಸಕ್ಕೆ 'ಟೆಲಿಕಮ್ಯೂಟಿಂಗ್' ಎಂದು ಅಮೆರಿಕದ ಜ್ಯಾಕ್ ನೈಲ್ಸ್ ಹೆಸರಿಟ್ಟದ್ದು 1973ರಲ್ಲಿ. ಜನ ಕೆಲಸಕ್ಕೆ ಓಡಾಡುವ ಬದಲು ಕೆಲಸವೇ ಜನರ ಬಳಿಗೆ ಹೋಗಲಿ ಎಂದು ಅವರ ಯೋಚನೆ. ಅದು ಎಲ್ಲರಿಗೂ ಬಂದದ್ದು ರೋಗದ ಮೂಲಕ. 2022ರಿಂದ ಕಂಪನಿಗಳು ಒಬ್ಬೊಬ್ಬರನ್ನೇ ಕರೆಯತೊಡಗಿದವು, ಟಿ.ಸಿ.ಎಸ್. 2023ರ ಅಕ್ಟೋಬರ್ 1ರಿಂದ ವಾರಕ್ಕೆ ಐದು ದಿನವೂ ಆಫೀಸಿಗೆ ಬರಬೇಕೆಂದಿತು. ಕೆಲವರು ಬೇಸರದಿಂದ ಹೋದರು, ಕೆಲವರು ಸಂತೋಷದಿಂದ. ಊರಿನಲ್ಲಿದ್ದ ಆ ಎರಡು ವರ್ಷ ಅವರು ಅಪ್ಪ ಅಮ್ಮನ ಜೊತೆ ತುಳು, ಕೊಂಕಣಿ ಆಡಿದರು, ಬಯಲಾಟ ನಿಂತಿದ್ದರೂ ತೋಟಕ್ಕೆ ನೀರು ಬಿಟ್ಟರು. ಮನೆಯಿಂದ ಕೆಲಸ ಮಾಡಿದ್ದು ಅವರಿಗೆ ಲಾಭವೇ. ಯಾಕೆಂದರೆ ಅವರು ಕಲಿಯಬೇಕಾದ್ದನ್ನು ಮೊದಲೇ ಶಾಲೆಯಲ್ಲಿ ಕಲಿತು ಮುಗಿಸಿದ್ದರು. ದೊಡ್ಡವರ ಕೆಲಸ ಮನೆಗೆ ಬರಬಹುದು. ಆರು ವರ್ಷದ ಮಗುವಿನ ಕೆಲಸ, ಅದೂ ಮನೆಯಲ್ಲಿ ಇಲ್ಲದ ಭಾಷೆಯಲ್ಲಿ, ಮನೆಗೆ ಬರಲಾರದು.

ಆದ್ದರಿಂದ ನಾವು ಹೇಳುವುದಿಷ್ಟೆ. ಮಕ್ಕಳ ಸಂಖ್ಯೆ ಕಡಿಮೆಯಾದಾಗಲೆಲ್ಲ 'ಈಗ ಎಲ್ಲ ಆನ್‌ಲೈನಿನಲ್ಲಿ ಸಿಗುತ್ತದೆ, ಕನ್ನಡ ಬೇಕಾದವರು ಮನೆಯಲ್ಲಿ ಕಲಿಯಲಿ' ಎಂಬ ಮಾತು ಕೇಳಿಬರುತ್ತದೆ. ಆ ಪ್ರಯೋಗ ನಮ್ಮಲ್ಲಿ ಇಪ್ಪತ್ತು ತಿಂಗಳು ನಡೆದು ಹೋಗಿದೆ, ಫಲಿತಾಂಶವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸಿ ಅಧ್ಯಾಪಕರ ಹುದ್ದೆ ನಿರ್ಧಾರವಾಗುತ್ತದೆ. ಗಡಿನಾಡಿನ ಹೆತ್ತವರು ಆ ದಿನದ ಬೆಲೆಯನ್ನು ತಿಳಿಯಬೇಕು.

ಇನ್ನೊಂದು ಕೋರಿಕೆ. ಪ್ರತಿಯೊಂದು ಶಾಲೆಯೂ ಆ ಇಪ್ಪತ್ತು ತಿಂಗಳ ಕಥೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಯಾರು ಫೋನು ಕೊಟ್ಟರು, ಯಾರ ಜಗಲಿಯಲ್ಲಿ ಮಕ್ಕಳು ಕೂತರು, ಶಾಲೆ ತೊಳೆಯಲು ಯಾರು ಬಂದರು ಎಂದು ಆಗಿನ ಮಕ್ಕಳಿಂದಲೇ ಬರೆಯಿಸಿ. ಅವರು ದೊಡ್ಡವರಾಗುತ್ತಿದ್ದಾರೆ, ನೆನಪು ಮಾಸುತ್ತದೆ. ಐಗಳ ಮಠದ ಬಗ್ಗೆ ನಮಗೆ ಇಷ್ಟಾದರೂ ಗೊತ್ತಿರುವುದು ಅಲ್ಲಿ ಕಲಿತವರು ಮುಂದೆ ಹೇಳಿದ್ದರಿಂದ. ಇದನ್ನು ನಮ್ಮ ಮಕ್ಕಳು ಕನ್ನಡದಲ್ಲೇ ಬರೆಯಲಿ.